ತಿಪ್ಪವ್ವ ಮತ್ತು ಗಂಡನ ಮೈಮೇಲಿನ ದೇವರು

ತಿಪ್ಪವ್ವ ಏಟು ತಿಂದು ಸುಮ್ಮನಿರುವ ಹೆಂಗಸಲ್ಲ. ಯಾದಗಿರಿ ಕಡೆಯಿಂದ ಬಂದು ಪುಣೆ ಹತ್ತಿರದ ತಳೇಗಾಂವದ ಕಾರ್ಖಾನೆ ಕಟ್ಟಡಗಳಿಗೆ ಕಾಂಕ್ರೀಟು ಹೊತ್ತವಳು. ಕೈಹಿಡಿದೆಳೆದ ಕೂಲಿಗಳ ಮೇಸ್ತ್ರಿ ಮುಕಾದಮನ ದವಡೆಗೆ ಸಲಿಕೆಯಿಂದ ಬಾರಿಸಿ, ಮರುದಿನ ಅದೇ ಕೆಲಸಕ್ಕೆ ಹೋದವಳು. ಅಂಥವಳು, ಗಂಡ ಲಾಲಪ್ಪ ಹಲ್ಲು ಮುರಿಯುವಂತೆ ಹೊಡೆದರೂ ಕೈಮುಗಿದು ಕೂತಿದ್ದಳು. ಜೇಜುರಿಯ ಗುಡಿಗೆ ಹೋಗಿ ಬಂದ ಮೇಲೆ ಅವನ ಮೈಮೇಲೆ ಅಲ್ಲಿನ ದೇವರು ಮೈಲಾರಲಿಂಗ ಬಂದಿದ್ದಾನೆಂದು ಕೂಲಿಗಳ ಶೆಡ್ಡಿಗೆ ಶೆಡ್ಡೇ ನಂಬಿತ್ತು. ಮೈ ಕೆಂಡದಂತೆ ಸುಡುತ್ತಿತ್ತು. ಎಲ್ಲೂ ಇಲ್ಲದ ಸುಟ್ಟ ವಾಸನೆ ಬರುತ್ತದೆಂದು ಚೀರುತ್ತಿದ್ದ. ಜನ ಅರಿಸಿನದ ಭಂಡಾರ ಎರಚಿ ಅಡ್ಡಬಿದ್ದರು. ಥರ್ಮಾಮೀಟರು ಇಟ್ಟು ನೋಡುವ ಬುದ್ಧಿ ಒಬ್ಬರಿಗೂ ಬರಲಿಲ್ಲ.

ಕೊನೆಗೆ ಅವನು ಕಣ್ಣು ಮೇಲೆ ಮಾಡಿ, ಕೈಕಾಲು ಸೆಟೆದು ಬಿದ್ದಾಗ ಸೂಪರ್‌ವೈಸರ್ ಜೀಪಿಗೆ ಹಾಕಿ ಪುಣೆಯ ಆಸ್ಪತ್ರೆಗೆ ತಂದ. ಅಲ್ಲಿ ಎಚ್ಚರಾದವನೇ ನರ್ಸ್ ಶ್ರದ್ಧಾಳ ಮುಂಗೈ ಕಚ್ಚಿ ರಕ್ತ ಹರಿಸಿದ, ಸಲೈನ್ ಸ್ಟ್ಯಾಂಡ್ ಬೀಸಿ ಕಿಟಕಿ ಪುಡಿ ಮಾಡಿದ. ವಾರ್ಡ್‌ಬಾಯ್‌ಗಳು ಕೆಡವಿ ಕಟ್ಟಲು ಹೋದರೆ ತಿಪ್ಪವ್ವ ಅಡ್ಡ ನಿಂತಳು. ದೇವರನ್ನು ಕಟ್ಟಿದವರ ವಂಶ ಉಳಿಯುವುದಿಲ್ಲವೆಂದು ಶಪಿಸಿದಳು, ಒಬ್ಬನ ಮುಖ ಪರಚಿದಳು.

ನರರೋಗದ ಡಾಕ್ಟರು ಶಾಮಲಾ ಧಾರವಾಡದವರು. ಅವರ ಮನೆದೇವರೂ ಮೈಲಾರನೇ. ಮೆದುಳಿಗೆ ಸೋಂಕು ತಗುಲಿರಬೇಕು, ಬೆನ್ನೊಳಗಿನ ನೀರು ತೆಗೆದು ನೋಡಬೇಕು, ತಡವಾದರೆ ಸಾಯುತ್ತಾನೆ ಎಂದು ಹೇಳಿ ಹೇಳಿ ಸೋತರು. ಆಮೇಲೆ ಬ್ಯಾಂಡೇಜ್ ಬಟ್ಟೆಯ ಸುರುಳಿ ಕೈಗೆತ್ತಿಕೊಂಡರು.

“ಮೈಮ್ಯಾಲ ಮೈಲಾರ ಬಂದ್ರ ಗೊರವಯ್ಯ ಕಬ್ಬಿಣದ ಸರಪಳಿ ಹರೀತಾನ, ಹೌದಿಲ್ಲ ತಿಪ್ಪವ್ವಾ? ಇದು ಬರೇ ಅರಿವಿ. ಹರದ್ರ ನಾನಽ ಕಾಲಿಗೆ ಬೀಳ್ತೀನಿ. ಹರೀಲಿಲ್ಲಂದ್ರ ಅವನ್ನ ನನಗ ಬಿಡಬೇಕು.”

ತಿಪ್ಪವ್ವ ಒಪ್ಪಿದಳು, ಹರಿದೇ ಹರಿಯುತ್ತಾನೆಂಬ ಧೈರ್ಯ. ನಾಲ್ವರು ಸೇರಿ ಕಟ್ಟಿದರು. ಲಾಲಪ್ಪ ಗೂಳಿಯಂತೆ ಜಗ್ಗಿದ. ಮಂಚ ಕುಣಿಯಿತು, ಮಣಿಕಟ್ಟಿನ ಚರ್ಮ ಸುಲಿದು ರಕ್ತ ಹಾಸಿಗೆಗೆ ಇಳಿಯಿತು. ಅರಿವೆ ಹರಿಯಲಿಲ್ಲ. ತಿಪ್ಪವ್ವ ಗಂಟನ್ನು ಮುಟ್ಟಿ ನೋಡಿದಳು. ಇಷ್ಟು ದಿನ ಜ್ವರಕ್ಕೆ ಕೈಮುಗಿದಿದ್ದಳಲ್ಲ! ಕಟ್ಟು ಸಡಿಲಿಸಿ ಅವನನ್ನು ಮಗ್ಗುಲಾಗಿಸಿದಾಗ ತಾನೇ ಮಂಚ ಹತ್ತಿ, ಬೆನ್ನು ಬಾಗುವಂತೆ ಅವನ ಮೊಣಕಾಲು ಕುತ್ತಿಗೆ ಸೇರಿಸಿ ತಬ್ಬಿ ಹಿಡಿದಳು. ಮಂಪರಿನ ಮದ್ದು ಕೊಟ್ಟಿದ್ದರೂ ಅವನು ಅವಳ ತೋಳಿಗೆ ಬಾಯಿ ಹಾಕಿದ. ಸೂಜಿ ಬೆನ್ನೊಳಗೆ ಹೋಗಿ ಬರುವತನಕ ಅವಳು ಬಿಡಲಿಲ್ಲ.

ಡಾಕ್ಟರ ಗುಮಾನಿ ನಿಜವಾಯಿತು. ಔಷಧ ಹತ್ತಿತು, ಲಾಲಪ್ಪ ಉಳಿದ. ಆ ದಿನಗಳ ನೆನಪು ಮಾತ್ರ ಒಂದೂ ಉಳಿಯಲಿಲ್ಲ. ಹೆಂಡತಿಯ ಮುರಿದ ಹಲ್ಲು, ತೋಳಿನ ಗಾಯ ನೋಡಿ, ಯಾರವನು ಹೇಳು, ಅವನ ಕೈ ಕಡಿಯುತ್ತೇನೆ ಎಂದು ಸಣ್ಣ ದನಿಯಲ್ಲಿ ಪೀಡಿಸಿದ. ದೇವರ ಹೆಸರು ಹೇಳಿ ಪಾರಾಗಬಹುದಿತ್ತು, ಅವಳ ಬಾಯಿಗೆ ಅದು ಬರಲಿಲ್ಲ.

“ನೀನಽ,” ಅಂದಳು. “ಮೈಮ್ಯಾಲ ಯಾರೂ ಬಂದಿದ್ದಿಲ್ಲ. ನೀ ಒಬ್ಬನಽ ಇದ್ದಿ.”