ಹಾಲಿನೊಳಗೆ ಅಲೆದ ಬೆಳಕು

ಹಾಲಿಗೆ ಹೊಕ್ಕ ಬೆಳಕು ನೆಟ್ಟಗೆ ಹೋಗುವುದಿಲ್ಲ. ಕೊಬ್ಬಿನ ಕಣಗಳಿಗೆ ಬಡಿದು, ತಿರುಗಿ, ಮತ್ತೆ ಬಡಿದು, ಸಂತೆಯ ಗದ್ದಲದಲ್ಲಿ ಸಿಕ್ಕವರ ಹಾಗೆ ಎಲ್ಲೆಲ್ಲೋ ಸುತ್ತಿ ಹೊರಬೀಳುತ್ತದೆ. ಬೆಳಕು ಒಂದು ಗೇಣು ಸಾಗುವಷ್ಟರಲ್ಲಿ ಹತ್ತಾರು ಚಿತ್ರ ಹಿಡಿಯುವ ಕ್ಯಾಮೆರಾವೊಂದು ಮೂರು ವಾರದ ಮಟ್ಟಿಗೆ ಕೊಪ್ಪಳದ ನಮ್ಮ ಪ್ರಯೋಗಾಲಯಕ್ಕೆ ಎರವಲು ಬಂದಿತ್ತು. ನನ್ನ ಪಿಎಚ್‌ಡಿ ಅದರ ಮೇಲೇ ನಿಂತಿತ್ತು. ಪ್ಯಾಕೆಟ್ ಹಾಲು ಬೇಡವೆಂದು ಮನೆಯ ಎಮ್ಮೆಯ ಹಾಲನ್ನೇ ದಿನವೂ ಯಲಬುರ್ಗಾ ಬಸ್ಸಿನಲ್ಲಿ ಸ್ಟೀಲ್ ಕ್ಯಾನಿನಲ್ಲಿ ತಂದು, ನೀರು ಬೆರೆಸಿ ತೆಳ್ಳಗೆ ಮಾಡಿ ಬಳಸುತ್ತಿದ್ದೆ.

ಫಲಿತಾಂಶ ಪುಸ್ತಕಕ್ಕೆ ಹೊಂದಲಿಲ್ಲ. ಸುತ್ತಿ ಸುತ್ತಿ ತಡವಾಗಿ ಬರಬೇಕಾದ ಬೆಳಕು ಬರಲೇ ಇಲ್ಲ. ಆ ಬೆಳಕನ್ನು ತೋರಿಸಬೇಕಾದ ಗ್ರಾಫಿನ ಬಾಲ ಮೊಂಡಾಗಿತ್ತು.

“ಆ ಬಾಲ ಒಂಚೂರು ಎಳದು ಉದ್ದ ಮಾಡವಾ,” ಅಂದರು ನನ್ನ ಗೈಡ್. “ಇಲ್ಲಾಂದ್ರ ಈ ಅಧ್ಯಾಯಕ್ಕ ನಾ ಸಹಿ ಮಾಡಂಗಿಲ್ಲ.”

“ಆಗಂಗಿಲ್ರಿ ಸರ್. ಕ್ಯಾಮೆರಾ ಕಂಡಿದ್ದನ್ನ ನಾ ತಿದ್ದಂಗಿಲ್ಲ.”

ಸಿಟ್ಟಿನಲ್ಲೇ ಕ್ಯಾನ್ ತೊಳೆಯಲು ಹೋಗಿ ತಳವನ್ನು ಬೆರಳಿನಿಂದ ಒರೆಸಿದೆ. ಬೆರಳು ಕಪ್ಪಾಯಿತು. ಸಂಜೆ ಮನೆಗೆ ಹೋದವಳೇ ಹಾಲಿಗೆ ಏನು ಹಾಕಿದೆ ಎಂದು ಅವ್ವನನ್ನು ಕೇಳಿದೆ.

“ಇದ್ದಲಿ. ಹೊರಗ ಹೋಗೂ ಹಾಲಿಗೆ ಹಾಕಲಾರದ ಹೆಂಗ ಕಳಸ್ಲಿ? ಕಣ್ಣು ಬೀಳ್ತೈತಿ. ಚೂರು ಹಾಕಿದ್ರ ನೀ ತಗದು ಒಗಿತಿ ಅಂತ ನುಣ್ಣಗ ಅರದು ಹಾಕೀನಿ.”

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಾಲಿನಲ್ಲಿ ಹೆಚ್ಚು ಹೊತ್ತು ಅಲೆದ ಬೆಳಕು ಇದ್ದಿಲಿನ ಪುಡಿಗೆ ಸಿಕ್ಕಿ ಅಲ್ಲೇ ಮಾಯವಾಗಿತ್ತು. ನನ್ನ ಕಣ್ಣಿಗೆ ಹಾಲು ಬೆಳ್ಳಗೇ ಕಂಡಿತ್ತು. ಕ್ಯಾಮೆರಾ ಮೋಸ ಹೋಗಿರಲಿಲ್ಲ. ಮರುದಿನ ಎರಡು ಕ್ಯಾನ್ ತಂದೆ. ಒಂದರಲ್ಲಿ ನಾನೇ ತುಂಬಿದ ಬರೀ ಹಾಲು, ಇನ್ನೊಂದರಲ್ಲಿ ಅವ್ವ ಇದ್ದಿಲು ಬೆರೆಸಿದ್ದು. ಬರೀ ಹಾಲಿನ ಗ್ರಾಫ್ ಪುಸ್ತಕದಲ್ಲಿದ್ದಂತೆಯೇ ಬಂತು. ಅವ್ವನದು ಮತ್ತೆ ಮೊಂಡು.

ಸರ್‌ಗೆ ಖುಷಿಯೋ ಖುಷಿ. “ಛಲೋ ಆತು. ಇದೊಂದ ಇರ್ಲಿ, ಆ ಇದ್ದಲಿದು ತಗದ್ಬಿಡು. ಓದಿದವರು ನಗ್ತಾರ.”

ನಾನು ಎರಡನ್ನೂ ಬರೆದೆ. ಹಾಲು ಸಿದ್ಧಮಾಡಿದ ರೀತಿಯನ್ನು ಹೇಳುವ ಕಡೆ, ದೃಷ್ಟಿ ತಾಗದಿರಲೆಂದು ನನ್ನ ತಾಯಿ ಅರೆದು ಬೆರೆಸಿದ ಇದ್ದಿಲು ಎಂದೇ ಬರೆದು ಅವರ ಮೇಜಿನ ಮೇಲಿಟ್ಟೆ.

“ಇಂಗಾಲದ ಕಣ ಅಂತ ಬರಿಯವಾ, ಸಾಕು. ನಡುವ ನಿಮ್ಮವ್ವ ಯಾಕ?”

“ಹಾಕಿದಾಕಿ ಆಕಿನ ಅಲ್ಲೇನ್ರಿ ಸರ್? ನಗೋರು ನಗ್ಲಿ.”

ಅವರು ಸಹಿ ಹಾಕಲು ಪೆನ್ನು ತೆಗೆಯುವ ತನಕ ನಾನು ಎದುರಿನ ಕುರ್ಚಿ ಬಿಟ್ಟು ಏಳಲಿಲ್ಲ.