ಮುಟ್ಟಿದ ಕಾಯಿ

ಮುಂದಿನ ಕೋಣೆ ಬಾಡಿಗೆಗೆ ಕೇಳಿಕೊಂಡು ದರ್ಜಿಯಮ್ಮ ಬಂದ ದಿನ, ಮನೆಯ ಅಜ್ಜಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: "ಎಷ್ಟು ಜನ ಇರ್ತೀರಮ್ಮ?"

"ನನ್ನನ್ನೂ ಸೇರಿಸಿ ಮೂವತ್ತಮೂರು ಜನ, ಅಜ್ಜಿ."

ಅಜ್ಜಿ ಬಾಗಿಲನ್ನು ಅರ್ಧ ಎಳೆದುಕೊಂಡಳು. ದರ್ಜಿಯಮ್ಮ ಕಂಕುಳಲ್ಲಿದ್ದ ಡಬ್ಬಿ ತೆರೆದು ಮೂವತ್ತೆರಡು ಚೆಸ್ ಕಾಯಿಗಳನ್ನು ತೋರಿಸಿದಳು. "ಇವ್ರ್ಯಾರೂ ನೀರು ಖರ್ಚು ಮಾಡಲ್ಲ!"

ಗಂಡ ತೀರಿಹೋದ ಮೇಲೆ ಬಾಯಿಗೆ ಬೀಗ ಹಾಕಿಕೊಂಡಿದ್ದ ಅಜ್ಜಿ ನಕ್ಕುಬಿಟ್ಟಳು. ಕೋಣೆ ಕೊಟ್ಟಳು. ಸಂಜೆ ಬಟ್ಟೆ ಕತ್ತರಿಸುವ ಮೇಜು ಖಾಲಿಯಾದಾಗ ಎದುರು ಕೂತು ಆಟವನ್ನೂ ಕಲಿತಳು.

ದರ್ಜಿಯಮ್ಮನದು ಸುಮ್ಮನಿರುವ ಕೈಯಲ್ಲ. ಸುಕ್ಕು ಕಂಡರೆ ಸವರಬೇಕು, ಅಂಚು ಸೊಟ್ಟಗಿದ್ದರೆ ಎಳೆದು ನೇರ ಮಾಡಬೇಕು. ಮಾತಾಡಿಸಲು ಬಂದವರ ಕಾಲರನ್ನೂ ಬಿಡುತ್ತಿರಲಿಲ್ಲ. ಚೆಸ್ ಪಂದ್ಯಾವಳಿಗಳಿಗೆ ಹೋಗಿ ಹೋಗಿ ಸೋತು ಬರುತ್ತಿದ್ದಳು. ಅರ್ಧ ಅಂಕವೂ ದಕ್ಕಿರಲಿಲ್ಲ.

"ಈ ಸಲವೂ ಸೊನ್ನೆ ಅಂದ್ರೆ ಡಬ್ಬಿ ಅಟ್ಟಕ್ಕೆ, ಅಜ್ಜಿ."

ಅದಕ್ಕೇ ಆರಂಭದ ನಡೆಗಳನ್ನು ಚೆನ್ನಾಗಿ ತಿದ್ದಿಕೊಂಡಿದ್ದಳು: ಮೊದಲು ರಾಜನ ಮುಂದಿನ ಕಾಲಾಳು ಎರಡು ಮನೆ, ಆಮೇಲೆ ಕುದುರೆ, ಆಮೇಲೆ ಒಂಟೆ.

ಶಾಲೆಯ ಸಭಾಂಗಣ. ಕೊನೆಯ ಸುತ್ತು; ಅಲ್ಲಿಯವರೆಗೆ ಎಲ್ಲವೂ ಸೋಲೇ. ಎದುರಿಗೆ ಒಬ್ಬ ಲಾರಿ ಡ್ರೈವರ್. ಬಿಳಿ ಕಾಯಿ ಇವಳದು. ಗಡಿಯಾರ ಓಡತೊಡಗಿತು. ತುದಿಯ ಕಾಲಾಳು ಗೆರೆಯ ಮೇಲೆ ಓರೆಯಾಗಿ ನಿಂತಿತ್ತು. ಬೆರಳು ತಾನಾಗಿ ಹೋಗಿ ಅದನ್ನು ನೇರ ಮಾಡಿತು.

"ಮುಟ್ಟಿದ ಕಾಯಿ ನಡೆಸ್ಬೇಕು ಅಕ್ಕಾ," ಎಂದ ಡ್ರೈವರ್. "ಸವರಿ ಮಡಚಿಡೋಕೆ ಇದೇನು ಬಟ್ಟೆನಾ?"

ಆಟ ನೋಡಲು ಜೊತೆಗೆ ಬಂದು ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಹಣೆ ಚಚ್ಚಿಕೊಂಡಳು. 'ಸರಿಮಾಡ್ತೀನಿ' ಎಂದು ಮೊದಲೇ ಹೇಳಿ ಮುಟ್ಟಿದ್ದರೆ ತಪ್ಪಿರಲಿಲ್ಲ. ಈಗ ನಡೆಸಲೇಬೇಕು. ದರ್ಜಿಯಮ್ಮ ಆ ಕಾಲಾಳನ್ನು ಒಂದು ಮನೆ ತಳ್ಳಿದಳು. ಕಲಿತದ್ದೆಲ್ಲ ನೀರಲ್ಲಿ ಹೋಮ. ಮುಂದಿನದೆಲ್ಲ ಸ್ವಂತ ತಲೆಯಿಂದಲೇ ಬರಬೇಕು.

ಡ್ರೈವರ್ ಒಂದೊಂದಾಗಿ ತಿನ್ನುತ್ತ ಬಂದ. ಕೊನೆಗೆ ಇವಳಿಗೆ ಉಳಿದದ್ದು ಮೂಲೆಯಲ್ಲಿ ರಾಜ, ನಡುವೆ ಒಂಟಿ ಕಾಲಾಳು. "ಸೋಲೊಪ್ಪಿಕೊಳ್ಳಿ ಅಕ್ಕಾ, ನಂಗೂ ಲೋಡು ಕಾಯ್ತಾ ಇದೆ."

ದರ್ಜಿಯಮ್ಮ ಕೈ ಕಟ್ಟಿಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಆ ಕಾಲಾಳನ್ನೂ ಅವನ ಕುದುರೆಯ ಬಾಯಿಗೆ ಒಡ್ಡಿದಳು. ಅವನು ಗಬಕ್ಕನೆ ತಿಂದ.

ಈಗ ರಾಜನಿಗೆ ಅಪಾಯವಿಲ್ಲ, ಆದರೆ ಕದಲಲು ಒಂದು ಮನೆಯೂ ಇಲ್ಲ. ನಡೆಸಲು ಬೇರೆ ಕಾಯಿಯೂ ಇಲ್ಲ. ತೀರ್ಪುಗಾರ ಬಗ್ಗಿ ನೋಡಿದ. "ನಡೆಯೇ ಉಳಿದಿಲ್ಲ, ಆಟ ಸಮ. ಇಬ್ಬರಿಗೂ ಅರ್ಧರ್ಧ ಅಂಕ."

"ಅಯ್ಯೋ, ಅವಸರ ಮಾಡಿ ಕೆಟ್ಟೆ!" ಡ್ರೈವರ್ ತಲೆ ಕೆರೆದುಕೊಂಡು, ಆಮೇಲೆ ತಾನೇ ನಕ್ಕು ಕೈ ಕುಲುಕಿದ.

ದಾರಿಯುದ್ದಕ್ಕೂ ದರ್ಜಿಯಮ್ಮನ ಬಾಯಿ ನಿಲ್ಲಲಿಲ್ಲ. ಮನೆ ಬಾಗಿಲಲ್ಲಿ ಮಾತ್ರ ತಟ್ಟನೆ ನಿಂತು ಅಜ್ಜಿಯ ಸೆರಗು ಸರಿಮಾಡಿದಳು.

"ಅಜ್ಜಿ, ಮುಂದಿನ ಪಂದ್ಯಾವಳಿಗೆ ನಿಮ್ಮ ಹೆಸರನ್ನೂ ಕೊಡ್ಲಾ?"