ಕೇಳದೆ ಬಡಿಸುವ ಕಾಲೇಜು

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ನಮ್ಮ ಮನೆಯಲ್ಲಿ ಕಾಫಿಪುಡಿ ನಿಲ್ಲುವುದಿಲ್ಲ. ನಾನು ಪುತ್ತೂರಿನ ಒಂದು ಹೈಸ್ಕೂಲಿನಲ್ಲಿ ಮಾಸ್ಟ್ರು. ಕಾಣಿಯೂರಿನಿಂದ, ರಾಮಕುಂಜದಿಂದ, ಸುಳ್ಯದ ಆಚೆಯಿಂದ ಅಪ್ಪಂದಿರು ಮಕ್ಕಳನ್ನು ಮುಂದಿಟ್ಟುಕೊಂಡು ಬಂದು ನಮ್ಮ ಜಗಲಿಯಲ್ಲಿ ಕೂರುತ್ತಾರೆ. ಇವನನ್ನು ಯಾವ ಕಾಲೇಜಿಗೆ ಹಾಕುವುದು ಎನ್ನುವುದು ಎಲ್ಲರ ಪ್ರಶ್ನೆ. ನನಗೆ ಕಾಲೇಜುಗಳ ವಿಷಯ ಗೊತ್ತಿರುವುದು ಅಷ್ಟಕ್ಕಷ್ಟೆ; ಗೊತ್ತಿಲ್ಲವೆಂದು ಒಪ್ಪಿಕೊಳ್ಳುವ ಧೈರ್ಯ ಅದಕ್ಕಿಂತ ಕಡಿಮೆ. ಆದ್ದರಿಂದ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತೇನೆ. ಕನ್ನಡಕ ಒರೆಸುವವನ ಮಾತಿಗೆ ನಮ್ಮ ಊರಿನಲ್ಲಿ ಬೆಲೆ ಉಂಟು.

ಮೊನ್ನೆ ಉಪಾಧ್ಯಾಯರ ಸಭೆಯಲ್ಲಿ ಮೇಲಿನಿಂದ ಬಂದ ಅಧಿಕಾರಿಯೊಬ್ಬರು ಇದೇ ವಿಷಯದ ಮೇಲೆ ಭಾಷಣ ಮಾಡಿದರು. ಹುಡುಗನ ಸ್ವಭಾವ ಯಾವ ಬಗೆಯದು, ಅವನು ಬದುಕಿನಲ್ಲಿ ಯಾವುದನ್ನು ದೊಡ್ಡದೆಂದು ತಿಳಿದಿದ್ದಾನೆ, ಅದಕ್ಕೆ ಒಪ್ಪುವ ಕಾಲೇಜು ಯಾವುದು ಎಂದು ನಾವು ತೂಗಿ ನೋಡಿ ಸಲಹೆ ಕೊಡಬೇಕಂತೆ. ಗಂಡಿಗೆ ಹೆಣ್ಣು ನೋಡುವ ಹಾಗೆ ಹುಡುಗನಿಗೆ ಕಾಲೇಜು ನೋಡಬೇಕು ಎಂದಾಗ ಸಭೆಯೆಲ್ಲ ನಕ್ಕಿತು. ನನ್ನ ಪಕ್ಕದಲ್ಲಿ ತೂಕಡಿಸುತ್ತಿದ್ದ ಡ್ರಿಲ್ ಮಾಸ್ಟ್ರು ಕೂಡ ಎಚ್ಚರಾಗಿ, ಯಾಕೆಂದು ಗೊತ್ತಿಲ್ಲದೆ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ನನ್ನ ತಮ್ಮ ಈಶ್ವರನ ನೆನಪಾಯಿತು.

ಅವನ ಸುದ್ದಿ ಹೇಳುವ ಮೊದಲು, ಪುತ್ತೂರಿಗೆ ಕಾಲೇಜು ಬರುವುದಕ್ಕೆ ಮುಂಚೆ ನಮ್ಮವರು ಕಾಲೇಜನ್ನು ಹೇಗೆ ಆರಿಸುತ್ತಿದ್ದರೆಂದು ಹೇಳಬೇಕು. ಸ್ವಭಾವವನ್ನು ಯಾರೂ ಕೇಳುತ್ತಿರಲಿಲ್ಲ. ಕಾಲೇಜಿನ ಕೀರ್ತಿಯನ್ನೂ ಕೇಳುತ್ತಿರಲಿಲ್ಲ. ಕೇಳುತ್ತಿದ್ದುದು ಊಟದ ಪ್ರಶ್ನೆ. ಮಡಿ-ಮೈಲಿಗೆಯ ಮನೆಗಳು ನಮ್ಮವು. ಹೋಟೆಲಿನ ಅನ್ನ ಆಗದು, ಹಾಸ್ಟೆಲಿನ ಅನ್ನವಂತೂ ಆಗಲೇ ಆಗದು. ಆದ್ದರಿಂದ ಹುಡುಗ ಪಾಸಾದ ಕೂಡಲೇ ಹಿರಿಯರು ಚಾವಡಿಯಲ್ಲಿ ಕುಳಿತು, ಯಾವ ಪೇಟೆಯಲ್ಲಿ ನಮ್ಮವರ ಒಲೆ ಉರಿಯುತ್ತದೆ ಎಂದು ನೆನಪು ಮಾಡಿಕೊಳ್ಳುತ್ತಿದ್ದರು. ಒಲೆ ಸಿಕ್ಕಿದರೆ ಅದರ ಹತ್ತಿರ ಒಂದು ಕಾಲೇಜು ಹುಡುಕುವುದು ಕಷ್ಟವಲ್ಲ. ನಮ್ಮ ತಲೆಮಾರಿನ ವಕೀಲರು, ಡಾಕ್ಟರರು, ಮಾಸ್ಟ್ರುಗಳು ಹೀಗೆ ಯಾವ ಯಾವುದೋ ಅತ್ತೆ, ದೊಡ್ಡಮ್ಮಂದಿರ ಅಡುಗೆಮನೆಗಳಿಂದ ಹೊರಬಿದ್ದವರು.

ನಾನೇ ಅದಕ್ಕೆ ಉದಾಹರಣೆ. ಮಂಗಳೂರಿನಲ್ಲಿ ದೊಡ್ಡಮ್ಮನ ಮನೆಯಿತ್ತು, ಮಂಗಳೂರಿಗೆ ಹೋದೆ. ವಿಜ್ಞಾನ ತೆಗೆದುಕೊಂಡರೆ ಪ್ರಯೋಗದ ತರಗತಿಗಳು ಮಧ್ಯಾಹ್ನದ ಊಟದ ಹೊತ್ತನ್ನು ತಿಂದುಹಾಕುತ್ತವೆ ಎಂದು ತಿಳಿದು ಚರಿತ್ರೆ ತೆಗೆದುಕೊಂಡೆ. ಇಂದು ನಾನು ಮಕ್ಕಳಿಗೆ ಮೊಗಲರ ವಿಷಯ ಕಲಿಸುತ್ತಿರುವುದಕ್ಕೆ ದೊಡ್ಡಮ್ಮನ ಮನೆಯಲ್ಲಿ ಎರಡನೆಯ ಪಂಕ್ತಿ ಇಲ್ಲದಿದ್ದುದೇ ಕಾರಣ. ಆದರೆ ಆ ಮನೆ ನನಗೆ ಒಗ್ಗಿತು. ನಾನು ನಾಚಿಕೆಯಿಲ್ಲದ ಪ್ರಾಣಿ. ಅನ್ನ ಸಾಲದಿದ್ದರೆ ಸಾಲದು ಎನ್ನುತ್ತಿದ್ದೆ, ಮಜ್ಜಿಗೆ ನೀರಾದರೆ ನೀರಾಯಿತು ಎನ್ನುತ್ತಿದ್ದೆ. ದೊಡ್ಡಮ್ಮ ಬೈಯುತ್ತಾ ಬಡಿಸುತ್ತಿದ್ದಳು, ನಾನು ಬೈಸಿಕೊಳ್ಳುತ್ತಾ ಉಣ್ಣುತ್ತಿದ್ದೆ, ಇಬ್ಬರಿಗೂ ಮೈತುಂಬ ಆರೋಗ್ಯವಿತ್ತು.

ಹಿಂದಿನವರು ಇದನ್ನು ಬಲ್ಲವರೇ ಇರಬೇಕು. ಉಪನಯನದಲ್ಲಿ ವಟುವಿಗೆ ವೇದ ಹೇಳಿಕೊಡುವುದಕ್ಕೂ ಮೊದಲು ಭಿಕ್ಷೆ ಕೇಳುವುದನ್ನು ಕಲಿಸುತ್ತಾರಲ್ಲ? ಅದನ್ನೂ ಮೊದಲು ಅಮ್ಮನ ಹತ್ತಿರವೇ ಕೇಳಿಸುತ್ತಾರೆ, ಯಾಕೆಂದರೆ ಅವಳು ಇಲ್ಲ ಎನ್ನಲಾರಳು. ಮನೆ ಬಿಟ್ಟು ಓದುವವನಿಗೆ ಬೇಡುವ ಬಾಯಿ ಬೇಕು, ಅದನ್ನು ಅಮ್ಮನ ಎದುರಿಗೇ ಅಭ್ಯಾಸ ಮಾಡಿಸಬೇಕು ಎಂದು ಯಾರೋ ಯೋಚಿಸಿದ್ದಾರೆ. ವಾರಾನ್ನದ ಪದ್ಧತಿಯೂ ಹಾಗೆಯೇ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ಉಂಡು ಓದಿದವರು ಎಷ್ಟು ಮಂದಿ! ನಾವು ಮಾತ್ರ ಆ ಕೇಳುವ ಶಾಸ್ತ್ರವನ್ನು ಒಂದು ಮುಹೂರ್ತದಲ್ಲಿ ಮುಗಿಸಿ, ಫೋಟೋ ತೆಗೆಸಿ, ಸಿಹಿ ಉಂಡು ಮರೆತುಬಿಡುತ್ತೇವೆ.

ಈಶ್ವರ ನನ್ನ ಚಿಕ್ಕಮ್ಮನ ಮಗ. ಕಾಣಿಯೂರಿನ ಹತ್ತಿರ ಅವರ ಮನೆ. ಓದಿನಲ್ಲಿ ನನ್ನಂಥವರನ್ನು ಕಿಸೆಯಲ್ಲಿ ಹಾಕಿಕೊಳ್ಳಬಲ್ಲ ಹುಡುಗ, ಲೆಕ್ಕವೆಂದರೆ ಪ್ರಾಣ. ಆದರೆ ಬಾಯಿ ಬಿಟ್ಟು ಏನನ್ನೂ ಕೇಳಲಾರ. ಒಮ್ಮೆ ಪುತ್ತೂರಿನಿಂದ ಊರಿಗೆ ಹೋಗುವಾಗ, ಬಸ್ಸು ನಿಲ್ಲಿಸಿ ಎಂದು ಕಂಡಕ್ಟರಿಗೆ ಹೇಳಲು ನಾಚಿ, ಕಾಣಿಯೂರು ದಾಟಿ ಮುಂದೆ ಎಲ್ಲೋ ಬೇರೆಯವರು ಇಳಿಯುವಲ್ಲಿ ತಾನೂ ಇಳಿದು ಬಿಸಿಲಲ್ಲಿ ನಡೆದು ಬಂದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವನೂ ನಕ್ಕ. ಇನ್ನೊಬ್ಬರಿಗೆ ತನ್ನಿಂದ ತೊಂದರೆಯಾಗಬಾರದು ಎನ್ನುವುದೇ ಅವನ ಧರ್ಮವಾಗಿತ್ತು. ಬದುಕಿನಲ್ಲಿ ದೊಡ್ಡದೆಂದು ತಿಳಿಯುವುದು ಎಂದು ಆ ಅಧಿಕಾರಿಗಳು ಹೇಳಿದರಲ್ಲ, ಈಶ್ವರ ದೊಡ್ಡದೆಂದು ತಿಳಿದದ್ದು ಅದನ್ನೇ.

ಅವನ ಸ್ವಭಾವವನ್ನು ಸರಿಯಾಗಿ ಕಂಡವರು ಅವನ ಹೆಡ್ಮಾಸ್ಟ್ರು ಒಬ್ಬರೇ. ಅವರು ತಾವಾಗಿ ಮನೆಗೆ ಬಂದು, ಮಂಗಳೂರಿನಲ್ಲಿ ಒಂದು ಒಳ್ಳೆಯ ಕಾಲೇಜು ಉಂಟು, ಅದಕ್ಕೆ ಸೇರಿದ ಹಾಸ್ಟೆಲಿನಲ್ಲಿ ಹುಡುಗನನ್ನು ಬಿಡಿ ಎಂದು ಚಿಕ್ಕಪ್ಪನಿಗೆ ಹೇಳಿದರು. "ಈ ಹುಡುಗ ಬಾಯಿ ಬಿಡುದಿಲ್ಲ ಮಾರಾಯ್ರೆ. ಗಂಟೆ ಹೊಡೆದ್ರೆ ಊಟ ಬರುವ ಜಾಗದಲ್ಲಿ ಇವನನ್ನು ಇಡಿ," ಎಂದರು. ಚಿಕ್ಕಪ್ಪ ಎಲೆಅಡಿಕೆಯ ತಟ್ಟೆ ಅವರ ಕಡೆ ಸರಿಸಿದರು. ಆ ಹಾಸ್ಟೆಲಿನಲ್ಲಿ ಎಲ್ಲ ಜಾತಿಯ ಹುಡುಗರು ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ, ಬೇಯಿಸುವವರು ಯಾರೋ ಎಂಥವರೋ ಗೊತ್ತಿಲ್ಲ ಎಂದು ಹೇಳಿ, "ಓದುದು ಎಲ್ಲಿಯೂ ಓದ್ಬಹುದು. ಉಣ್ಣುದು ಎಲ್ಲಿ?" ಎಂದು ಮಾತು ಮುಗಿಸಿದರು. ದೊಡ್ಡಮ್ಮ ಅಷ್ಟರಲ್ಲಿ ಮಂಗಳೂರು ಬಿಟ್ಟಿದ್ದಳು; ಮೈಸೂರಿನಲ್ಲಿ ಚಿಕ್ಕಪ್ಪನ ತಂಗಿಯ ಮನೆಯಿತ್ತು. ಮೈಸೂರೆಂದು ತೀರ್ಮಾನವಾಯಿತು.

ಹೊರಡುವ ದಿನ ಚಿಕ್ಕಮ್ಮ ಒಂದು ಚೀಲ ಅವಲಕ್ಕಿ ಕಟ್ಟಿಕೊಟ್ಟು, ಹೋಟೆಲಿನ ಅನ್ನ ಮುಟ್ಟುವುದಿಲ್ಲವೆಂದು ಅವನಿಂದ ಮಾತು ತೆಗೆದುಕೊಂಡಳು. ಎಲ್ಲ ತಾಯಂದಿರೂ ತೆಗೆದುಕೊಳ್ಳುವ ಮಾತೇ ಅದು. ನಾನೂ ಕೊಟ್ಟಿದ್ದೆ, ಮತ್ತು ಮಂಗಳೂರಿನಲ್ಲಿ ಬಸ್ಸಿಳಿದ ಸ್ವಲ್ಪ ಹೊತ್ತಿಗೆ ಮಸಾಲೆ ದೋಸೆಯ ಮುಂದೆ ಅದನ್ನು ಮರೆತಿದ್ದೆ. ಈಶ್ವರ ಸುಳ್ಯ, ಮಡಿಕೇರಿಯ ದಾರಿಯಾಗಿ ಮೈಸೂರಿಗೆ ಹೋದ. ಮಾತನ್ನೂ ಜತೆಗೆ ತೆಗೆದುಕೊಂಡು ಹೋದ.

ಮೈಸೂರಿನ ಅತ್ತೆ ಕೆಟ್ಟವಳಲ್ಲ. ಇದನ್ನು ನಾನು ಒತ್ತಿ ಹೇಳಬೇಕು. ಅವಳ ಗಂಡನ ಕುಟುಂಬ ಮಾತ್ರ ಬಹಳ ದೊಡ್ಡದು. ಊರು ತುಂಬ ದಾಯಾದಿಗಳು, ಅವರಲ್ಲಿ ಯಾರಾದರೂ ಸತ್ತರೆ ಮೈಸೂರಿನ ಮನೆಗೆ ಸೂತಕ, ಯಾರಾದರೂ ಹೆತ್ತರೆ ಅಮೆ. ಅಮೆ-ಸೂತಕದ ಮನೆಯಲ್ಲಿ ಬೇರೆ ಗೋತ್ರದವರು ಉಣ್ಣಬಾರದು ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಈಶ್ವರ ಅತ್ತೆಯ ತವರಿನವನು, ಬೇರೆ ಗೋತ್ರದವನು. ಆ ವರ್ಷ ಅದೇನು ಗ್ರಹಚಾರವೋ, ಊರಿನಿಂದ ಒಂದಾದ ಮೇಲೊಂದು ಸುದ್ದಿ ಬಂತು. ಒಬ್ಬ ಮುದುಕ ತೀರಿಕೊಂಡ, ಆ ಸೂತಕ ಕಳೆಯುವಾಗ ಯಾರಿಗೋ ಮಗುವಾಯಿತು, ಆಮೇಲೆ ಮತ್ತೊಬ್ಬ ಮುದುಕಿ. ಮೈಲಿಗೆ ಮನೆಯವರಿಗೆ, ಉಪವಾಸ ಹುಡುಗನಿಗೆ.

ಅತ್ತೆ ಅದಕ್ಕೂ ವ್ಯವಸ್ಥೆ ಮಾಡಿದ್ದಳು. ಪೇಟೆಯ ಇನ್ನೊಂದು ಕೊನೆಯಲ್ಲಿ ನಮ್ಮ ಊರಿನವರೇ ಆದ ಒಬ್ಬರು ಗುಮಾಸ್ತರಿದ್ದರು. ಅಷ್ಟು ದಿನ ಅವರಲ್ಲಿ ಉಣ್ಣು, ನಾನು ಹೇಳಿದೆನೆಂದು ಹೇಳು ಎಂದಳು. ಈಶ್ವರ ತಲೆಯಾಡಿಸಿದ. ಮೈಲಿಗೆಯ ಹೊತ್ತಿನಲ್ಲಿ ತಾವು ಅವರ ಮನೆಗೆ ಹೋಗಿ ಹೇಳುವಂತಿಲ್ಲ, ಹುಡುಗನೇ ಹೇಳಿಕೊಳ್ಳುತ್ತಾನೆಂದು ಅತ್ತೆಯ ಮನೆಯವರು ತಿಳಿದರು. ಊಟದ ಹೊತ್ತಿಗೆ ಅವನು ಶಾಲು ಹೊದ್ದು ಹೊರಗೆ ಹೋಗುವುದನ್ನು ಅತ್ತೆ ದಿನಾ ನೋಡುತ್ತಿದ್ದಳು, ಹಿಂದಿರುಗಿ ಬರುವುದನ್ನೂ ನೋಡುತ್ತಿದ್ದಳು. ಊಟವಾಯಿತಾ ಎಂದರೆ ಆಯಿತು ಎನ್ನುತ್ತಿದ್ದ. ಹೋಗಿ ಕೂರುತ್ತಿದ್ದುದು ಲೈಬ್ರರಿಯ ಮೆಟ್ಟಲಿನ ಮೇಲೆ. ಅವಲಕ್ಕಿ ಇರುವಷ್ಟು ದಿನ ಅವಲಕ್ಕಿ, ಆಮೇಲೆ ಬಾಳೆಹಣ್ಣು, ನೀರು. ಇದನ್ನು ಅವನ ತರಗತಿಯ ಹುಡುಗನೊಬ್ಬ ಎಲ್ಲ ಮುಗಿದ ಮೇಲೆ ನನಗೆ ಹೇಳಿದ.

ಅವನಿಗೆ ವಿಷಮಜ್ವರ ಬಂತು. ಚಿಕ್ಕಪ್ಪ ಹೋಗಿ ಕರೆದುಕೊಂಡು ಬಂದರು. ನಾನು ಪುತ್ತೂರಿನ ಆಸ್ಪತ್ರೆಯಲ್ಲಿ ನೋಡಿದಾಗ ಗುರುತು ಸಿಗಲಿಲ್ಲ. ನೀರು ಬೇಕಾ ಎಂದು ಕೇಳಿದರೆ, ನಿನಗೆ ಶಾಲೆಗೆ ಹೊತ್ತಾಗ್ತದೆ, ಹೋಗು ಎಂದ. ಜ್ವರದ ಜತೆ ಜಗಳ ಮಾಡಲಿಕ್ಕೆ ಈ ಮೈಯಲ್ಲಿ ಏನೂ ಉಳಿದಿಲ್ಲ, ಇವನಿಗೆ ಊಟ ಹಾಕುತ್ತಿದ್ದವರು ಯಾರು ಎಂದು ಡಾಕ್ಟರು ಕೇಳಿದರು. ಮೈಸೂರಿನ ಮನೆಯವರ ಮೇಲೆ ಅನುಮಾನ ಪಡುವುದು ಸರಿಯಲ್ಲವೆಂದು ನಮ್ಮವರು ಮಾತನ್ನು ಬೇರೆ ಕಡೆಗೆ ತಿರುಗಿಸಿದರು. ಆ ವಾರವೇ ಅವನು ಹೋಗಿಬಿಟ್ಟ.

ನಿಜ ಹೊರಬಿದ್ದದ್ದು ಅವನ ಉತ್ತರಕ್ರಿಯೆಯ ದಿನ, ಹಿತ್ತಿಲಿನಲ್ಲಿ ಹೆಂಗಸರು ತರಕಾರಿ ಹೆಚ್ಚುತ್ತಿರುವಾಗ. ಅತ್ತೆ ಅಳುತ್ತಾ, ಊರಿಗೆ ಬಂದಿದ್ದ ಗುಮಾಸ್ತರ ಹೆಂಡತಿಯ ಕೈ ಹಿಡಿದು, ಆ ದಿನಗಳಲ್ಲಿ ನೀವಾದರೂ ಅವನಿಗೆ ಅನ್ನ ಹಾಕಿದಿರಲ್ಲ, ನಿಮಗೆ ಪುಣ್ಯ ಬರಲಿ ಎಂದಳು. ಆ ಹೆಂಗಸು ಏನೂ ಅರ್ಥವಾಗದೆ ಸುತ್ತ ನೋಡಿದರು. "ನಮ್ಮಲ್ಲಿಗಾ? ನಮ್ಮಲ್ಲಿಗೆ ಅವ ಬರ್ಲೇ ಇಲ್ಲವಲ್ಲ," ಎಂದರು. ಚಿಕ್ಕಮ್ಮ ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಮಣೆಯ ಮೇಲೆ ಕುಳಿತಿದ್ದವಳು ಹಾಗೆಯೇ ಕುಳಿತಳು. ಯಾರೂ ಯಾರನ್ನೂ ಬೈಯಲಿಲ್ಲ. ಎಲ್ಲರೂ ಶಾಸ್ತ್ರ ಪ್ರಕಾರವೇ ನಡೆದಿದ್ದರು. ಅದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ, ಸಿಟ್ಟನ್ನು ಯಾರ ಮೇಲೆ ಇಡುವುದೆಂದು ಮಾತ್ರ ಗೊತ್ತಾಗುವುದಿಲ್ಲ.

ಇದೆಲ್ಲ ಆಗಿ ವರ್ಷಗಳಾದವು. ಪುತ್ತೂರಿಗೂ ಕಾಲೇಜು ಬಂತು. ಈಶ್ವರನ ಕೊನೆಯ ತಮ್ಮ ಸುಬ್ರಾಯ ಈ ಸಲ ಪಾಸಾದ. ಅವನೂ ಬಾಯಿಲ್ಲದ ಹುಡುಗ. ನಾನೂ ಹೆಂಡತಿಯೂ ಅವರ ಮನೆಗೆ ಹೋದೆವು; ನನಗೆ ಕನ್ನಡಕ ಒರೆಸುವ ಅಗತ್ಯವೇ ಬೀಳಲಿಲ್ಲ. ಕಾಲೇಜಿಗೆ ನಮ್ಮ ಮನೆಯಿಂದ ನಡೆದು ಹೋಗುವಷ್ಟೇ ದೂರ, ಅವನು ನಮ್ಮಲ್ಲೇ ಇರಲಿ ಎಂದೆ. ನನ್ನ ಹೆಂಡತಿಯೂ ಮನಸ್ಸಿಟ್ಟು ಕರೆದಳು. ಚಿಕ್ಕಪ್ಪ ಒಪ್ಪುವುದರಲ್ಲಿದ್ದರು. ಆಗ ಬಾಗಿಲ ಹಿಂದೆ ನಿಂತಿದ್ದ ಚಿಕ್ಕಮ್ಮ ಜಗಲಿಗೆ ಬಂದಳು.

"ನಿನ್ನ ಮನೆಯೂ ಬೇಡ ಮಾರಾಯ. ನೀವು ಒಳ್ಳೆಯವರೇ. ಆದ್ರೆ ಅದು ನಿಮ್ಮ ಮನೆ. ಇವ ಅಲ್ಲಿ ಕೇಳ್ಬೇಕಾಗ್ತದೆ. ಇವ ಕೇಳುದಿಲ್ಲ," ಎಂದಳು.

ನನ್ನ ಹೆಂಡತಿಯ ಮುಖ ಸಣ್ಣದಾಯಿತು. ಹಾಗಾದರೆ ಕಾಲೇಜಿನ ಹಾಸ್ಟೆಲೇ ಗತಿ, ಅಲ್ಲಿ ಯಾರು ಬೇಯಿಸುತ್ತಾರೋ ಎಂತದೋ ಎಂದು ಚಿಕ್ಕಪ್ಪ ಹಳೆಯ ಮಾತನ್ನೇ ತೆಗೆದರು. ಚಿಕ್ಕಮ್ಮ ಅವರ ಕಡೆ ತಿರುಗಿಯೂ ನೋಡದೆ, ಆ ಹಾಸ್ಟೆಲನ್ನು ತನಗೆ ತೋರಿಸು ಎಂದು ನನಗೆ ಹೇಳಿದಳು. ಯಾರ ಮನೆಗೆ ಹೋದರೂ ಕುಡಿಯುವ ನೀರನ್ನು ಮನೆಯಿಂದಲೇ ತಂಬಿಗೆಯಲ್ಲಿ ಒಯ್ಯುವ ಹೆಂಗಸು ಅವಳು. ಮುಂದಿನ ಆದಿತ್ಯವಾರ ತಂಬಿಗೆಯಿಲ್ಲದೆ ಬಂದಳು. ಕಾಲೇಜನ್ನು ಆಮೇಲೆ ನೋಡುವ, ಮೊದಲು ಊಟದ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಹೋಗುವ ಎಂದಳು.

ವಾರ್ಡನ್ನರು ನನ್ನ ಪರಿಚಯದವರು. ಹುಡುಗರು ಉದ್ದಕ್ಕೆ ಎರಡು ಸಾಲಿನಲ್ಲಿ ಕೂತಿದ್ದರು. ಚಿಕ್ಕಮ್ಮ ತನಗೂ ಒಂದು ಎಲೆ ಹಾಕಿಸು ಎಂದಾಗ ನಾನು ವಾರ್ಡನ್ನರಿಗೆ ಹೇಳಿ ಮೂರು ಎಲೆ ಹಾಕಿಸಿದೆ. ಸಾಲಿನ ತುದಿಯಲ್ಲಿ ಅವಳು, ಪಕ್ಕದಲ್ಲಿ ನಾನು, ನನ್ನ ಆಚೆ ಸುಬ್ರಾಯ. ಕೂರುವಾಗ ನನ್ನ ಕಿವಿಯ ಹತ್ತಿರ ಬಗ್ಗಿ, "ನೀನು ಎಂತದೂ ಹೇಳ್ಬೇಡ. ಕೈಸನ್ನೆಯೂ ಬೇಡ," ಎಂದಳು.

ಅನ್ನ ಬಂತು, ಸಾರು ಬಂತು. ಅವಳು ತುಪ್ಪಕ್ಕೂ ಕಾಯದೆ ಬೇಗ ಬೇಗ ಉಂಡು ಎಲೆ ಬರಿದು ಮಾಡಿದಳು. ಆಮೇಲೆ ತಲೆ ತಗ್ಗಿಸಿ ಎಲೆಯನ್ನೇ ನೋಡುತ್ತಾ ಕೂತಳು. ಅನ್ನದ ಬಕೇಟು ಹಿಡಿದಿದ್ದ ಅಡುಗೆಯವನು ಎದುರಿನ ಸಾಲಿನಲ್ಲಿದ್ದ, ಅಲ್ಲಿಯ ಹುಡುಗರು ಇಲ್ಲಿಗೆ ಹಾಕಿ, ಇಲ್ಲಿಗೆ ಹಾಕಿ ಎಂದು ಕೂಗುತ್ತಿದ್ದರು. ಅವನು ನಮ್ಮನ್ನು ದಾಟಿ ಒಳಗೆ ಹೋದ. ನಾನು ಕರೆಯಲು ಬಾಯಿ ತೆರೆದಾಗ ಚಿಕ್ಕಮ್ಮನ ಎಡಗೈ ನನ್ನ ತೋಳನ್ನು ಗಟ್ಟಿಯಾಗಿ ಹಿಡಿಯಿತು. ಈಶ್ವರನ ಹಾಗೆ ಕುಳಿತಿದ್ದಾಳೆ ಎಂದು ನನಗೆ ಆಗ ಹೊಳೆಯಿತು.

ಅವನು ತುಂಬಿದ ಬಕೇಟಿನೊಂದಿಗೆ ಹೊರಗೆ ಬಂದ. ನಮ್ಮ ಸಾಲಿನ ಎಲೆಗಳನ್ನು ನೋಡುತ್ತಾ ಬಂದವನು ಚಿಕ್ಕಮ್ಮನ ಎಲೆಯ ಮುಂದೆ ನಿಂತು, ಏನೂ ಕೇಳದೆ ಎರಡು ಸಟ್ಟುಗ ಅನ್ನ ಹಾಕಿದ. ಸುಬ್ರಾಯನ ಎಲೆಗೂ ಹಾಗೆಯೇ ಹಾಕಿ ಮುಂದೆ ಹೋದ.

ಚಿಕ್ಕಮ್ಮ ಒಂದು ಅಗುಳೂ ಬಿಡದೆ ಉಂಡಳು. ಅಷ್ಟು ಹೊತ್ತೂ ತಲೆಯೆತ್ತಲಿಲ್ಲ. ಕೈ ತೊಳೆದು, ಸೆರಗಿನಿಂದ ಮುಖ ಒರೆಸಿಕೊಂಡು ಬಂದು, "ಇವನನ್ನು ಇಲ್ಲಿಗೇ ಹಾಕು," ಎಂದಳು.

ನಾವು ಕಾಲೇಜನ್ನು ಇನ್ನೂ ನೋಡಿರಲಿಲ್ಲ.